ಉತ್ತಮಾಂಗದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್

ಮಾನವಶರೀರದ ಅವಯವಗಳಲ್ಲೆಲ್ಲ ಶಿರಸ್ಸಿಗೆ ನಮ್ಮ ಪ್ರಾಚೀನರು ಉತ್ತಮಾಂಗವೆಂಬ ಹೆಸರನ್ನಿತ್ತರು. ಪಂಚೇಂದ್ರಿಯಗಳಲ್ಲಿ ನಾಲ್ಕು ಅಲ್ಲಿಯೇ ನೆಲೆಸಿವೆ. ಬುದ್ಧಿಗೂ ಸ್ಮೃತಿಗೂ ಅಲ್ಲಿಯೇ ಆಶ್ರಯ. ಸುಶ್ರುತಸಂಹಿತೆಯು ಎಣಿಸಿರುವ ೧೦೭ ಮರ್ಮಸ್ಥಾನಗಳಲ್ಲಿ ೩೭ ಕುತ್ತಿಗೆ ಹಾಗೂ ತಲೆಗೆ ಸೇರಿದವು. ಮರ್ಮಕ್ಕೆ ಶಸ್ತ್ರ ತಗುಲಿದರೆ ಪ್ರಾಣಕ್ಕೆ ಅಪಾಯವೆಂದು ತಿಳಿದಿದ್ದ ವೈದ್ಯರು ಶತಮಾನಗಳ ಕಾಲ ತಲೆಬುರುಡೆಯ ಒಳಭಾಗವನ್ನು ದೂರದಿಂದಲೇ ನಮಸ್ಕರಿಸಿ ಬಿಟ್ಟಿದ್ದರು. ಆ ಗರ್ಭಗುಡಿಯ ಬಾಗಿಲನ್ನು ವಿನಯದಿಂದಲೂ ಧೈರ್ಯದಿಂದಲೂ ತೆರೆದವರಲ್ಲಿ ಅಗ್ರಗಣ್ಯರು ಅಮೆರಿಕ ದೇಶದ ಹಾರ್ವೆ ವಿಲಿಯಮ್ಸ್ ಕುಶಿಂಗ್. ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಪ್ರತ್ಯೇಕ ಶಾಸ್ತ್ರವನ್ನಾಗಿ ಬೆಳೆಸಿದ ಈ ಮಹನೀಯರ ಜೀವನವನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕೆಂಬುದು ಈ ಲೇಖನದ ಉದ್ದೇಶ.

ತಲೆಬುರುಡೆಯ ತಳಭಾಗವೆಂಬುದು ಎಂತಹ ಸ್ಥಳ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳೋಣ. ನಮ್ಮ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಕಳಸದ ಸೀಮೆಗೆ ಸಮೀಪವಾದ ವರಾಹಪರ್ವತದಲ್ಲಿ ಗಂಗಾಮೂಲವೆಂಬ ತಾಣವಿದೆ. ತುಂಗೆ, ಭದ್ರೆ, ನೇತ್ರಾವತಿಯರು ಅಲ್ಲಿ ಒಂದೇ ಮಡಿಲಿನಲ್ಲಿ ಹುಟ್ಟಿ ಮೂರು ದಿಕ್ಕಿಗೆ ಹರಿಯುತ್ತಾರೆ. ಅಷ್ಟು ಕಿರಿದಾದ ಎಡೆಯಲ್ಲಿ ಒಂದು ಬಂಡೆ ಉರುಳಿದರೆ ದೂರದ ಎಷ್ಟೋ ಗದ್ದೆಗಳ ನೀರು ಬತ್ತೀತು. ಬುರುಡೆಯ ತಳವೂ ಹಾಗೆಯೇ. ಮಿದುಳು ಕುಳಿತಿರುವ ಆ ಎಲುಬಿನ ನೆಲಗಟ್ಟಿನಲ್ಲಿ ಅನೇಕ ರಂಧ್ರಗಳಿವೆ. ನೋಟದ ನರ, ಶ್ರವಣದ ನರ, ಮುಖದ ಚಲನೆಯ ನರ, ನುಂಗುವಿಕೆ ಮತ್ತು ಧ್ವನಿಯ ನರಗಳು, ಮಿದುಳಿಗೆ ರಕ್ತವನ್ನೊಯ್ಯುವ ದೊಡ್ಡ ಧಮನಿಗಳು ಎಲ್ಲವೂ ಅಲ್ಲಿಯೇ ಹಾದುಹೋಗುತ್ತವೆ. ನಡುವೆ ಎಲುಬಿನ ಪುಟ್ಟ ಕುಳಿಯೊಂದರಲ್ಲಿ, ಕಡಲೆಕಾಳಿನ ಗಾತ್ರದ ಪಿಟ್ಯೂಟರಿ ಗ್ರಂಥಿಯಿದೆ. ಇಂತಹ ಸ್ಥಳದಲ್ಲಿ ಗಡ್ಡೆಯೊಂದು ಬೆಳೆದರೆ ಕಣ್ಣು ಮಂಜಾಗುತ್ತದೆ, ಕಿವಿ ಕೇಳದಾಗುತ್ತದೆ, ಅಸಹನೀಯವಾದ ತಲೆನೋವು ಬರುತ್ತದೆ. ಗಡ್ಡೆ ಹಲವೊಮ್ಮೆ ಕ್ಯಾನ್ಸರ್ ಜಾತಿಯದಾಗಿರದಿದ್ದರೂ ಬೆಳೆದ ಸ್ಥಳದಿಂದಲೇ ಅದು ಘಾತಕವಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಹಾರ್ವೆ ಕುಶಿಂಗರು ೧೮೬೯ನೆಯ ಇಸವಿ ಏಪ್ರಿಲ್ ೮ರಂದು ಒಹಾಯೊ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ ಜನಿಸಿದರು. ಹತ್ತು ಮಕ್ಕಳಲ್ಲಿ ಇವರೇ ಕಿರಿಯರು. ತಂದೆ, ಅಜ್ಜ, ಮುತ್ತಜ್ಜ ಮೂವರೂ ವೈದ್ಯರು. ಹೀಗೆ ವೈದ್ಯವೃತ್ತಿಯು ಅವರಿಗೆ ವಂಶದ ಸೊತ್ತಾಗಿ ಬಂದಿತು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ೧೮೯೧ರಲ್ಲಿ ಪದವಿ ಪಡೆದು, ಹಾರ್ವರ್ಡ್ ವೈದ್ಯಶಾಲೆಯಿಂದ ೧೮೯೫ರಲ್ಲಿ ವೈದ್ಯಪದವೀಧರರಾದರು. ಯೇಲ್‌ನಲ್ಲಿ ಓದುವಾಗ ಬೇಸ್‌ಬಾಲ್ ಆಟದಲ್ಲಿ ನಿಪುಣರೆನಿಸಿದ್ದರು. ಚಿತ್ರ ಬರೆಯುವ ಕೈಯೂ ಅವರಿಗೆ ಸಹಜವಾಗಿ ಒಲಿದಿತ್ತು. ಈ ಚಿತ್ರಕಲೆ ಮುಂದೆ ಅವರ ಶಾಸ್ತ್ರಕ್ಕೆ ಎಷ್ಟು ನೆರವಾಯಿತೆಂಬುದನ್ನು ನೋಡಲಿದ್ದೇವೆ.

ವಿದ್ಯಾರ್ಥಿದೆಸೆಯಲ್ಲಿ ನಡೆದ ಒಂದು ದುರ್ಘಟನೆ ಅವರ ಇಡೀ ಬಾಳಿನ ದಾರಿಯನ್ನು ತಿದ್ದಿತು. ಆ ಕಾಲದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಈಥರ್ ಮೂಸಿಸಿ ಅರಿವಳಿಸುವ ಕೆಲಸವನ್ನು ಹೆಚ್ಚಿನ ಶಿಕ್ಷಣವಿಲ್ಲದೆಯೇ ವಿದ್ಯಾರ್ಥಿಗಳಿಗೆ ಒಪ್ಪಿಸುತ್ತಿದ್ದರು. ೧೮೯೩ರಲ್ಲಿ ಕುಶಿಂಗರು ಹೀಗೆ ಈಥರ್ ಕೊಟ್ಟ ರೋಗಿಯೊಬ್ಬ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಪ್ರಾಣ ಬಿಟ್ಟನು. ಸುತ್ತಲಿನವರು ಅದನ್ನು ನಿತ್ಯದ ಸಂಗತಿಯೆಂಬಂತೆ ಸ್ವೀಕರಿಸಿದರು. ತರುಣ ಕುಶಿಂಗರಿಗೆ ಅದು ಸಾಧ್ಯವಾಗಲಿಲ್ಲ. ವೈದ್ಯವಿದ್ಯೆಯನ್ನೇ ತೊರೆಯಬೇಕೆಂಬಷ್ಟು ಅವರ ಮನಸ್ಸು ಕದಡಿಹೋಯಿತು.

ಅವರು ತೊರೆಯಲಿಲ್ಲ. ಸಹಪಾಠಿಯಾದ ಏಮರಿ ಕಾಡ್‌ಮನ್ ಎಂಬವರೊಡನೆ ಸೇರಿ ಒಂದು ಕ್ರಮವನ್ನು ರೂಪಿಸಿದರು. ಈಥರ್ ಕೊಡುವಾಗ ರೋಗಿಯ ನಾಡಿಯೆಷ್ಟು, ಉಸಿರಾಟವೆಷ್ಟು ಎಂಬುದನ್ನು ಕೆಲವು ನಿಮಿಷಗಳಿಗೊಮ್ಮೆ ಕಾಗದದ ಮೇಲೆ ಗುರುತಿಸುತ್ತ ಹೋಗುವುದೇ ಆ ಕ್ರಮ. ನಾಡಿ ಕುಸಿಯುವ ಮುನ್ಸೂಚನೆ ಆ ಗೆರೆಗಳಲ್ಲಿಯೇ ಕಾಣುತ್ತಿತ್ತು. ರೋಗಿಯನ್ನು ಉಳಿಸಲು ಸಮಯ ಸಿಕ್ಕುತ್ತಿತ್ತು. ಮುಂದೆ ೧೯೦೧ರಲ್ಲಿ ಇಟಲಿಯ ಪಾವಿಯಾ ನಗರಕ್ಕೆ ಹೋದಾಗ, ರೀವಾ ರೋಚಿ ಎಂಬ ವೈದ್ಯರು ರಚಿಸಿದ್ದ ರಕ್ತದೊತ್ತಡ ಅಳೆಯುವ ಉಪಕರಣವನ್ನು ಕಂಡು, ಅದರ ರೇಖಾಚಿತ್ರವನ್ನು ಬರೆದುಕೊಂಡು, ಅದನ್ನು ಅಮೆರಿಕಕ್ಕೆ ತಂದು ಶಸ್ತ್ರಶಾಲೆಯಲ್ಲಿ ಬಳಕೆಗಿಟ್ಟರು. ಇಂದು ಯಾವ ಸಣ್ಣ ಆಸ್ಪತ್ರೆಗೆ ಹೋದರೂ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನಾಡಿ, ಉಸಿರು, ರಕ್ತದೊತ್ತಡಗಳನ್ನು ಎಡೆಬಿಡದೆ ದಾಖಲಿಸುತ್ತಾರೆ. ಈ ಪದ್ಧತಿಯ ಮೂಲದಲ್ಲಿ ತನ್ನ ಕೈಯಲ್ಲಿ ಸತ್ತ ಒಬ್ಬ ರೋಗಿಯನ್ನು ಮರೆಯಲಾರದ ವಿದ್ಯಾರ್ಥಿಯಿದ್ದಾನೆ.

ಗುರುಸನ್ನಿಧಿ

೧೮೯೬ರಲ್ಲಿ ಕುಶಿಂಗರು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯನ್ನು ಸೇರಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರ ಶಿಷ್ಯರಾದರು. ವೇಗದಿಂದ ಕೊಯ್ಯುವವನೇ ಸಮರ್ಥನೆಂಬ ನಂಬಿಕೆಯಿದ್ದ ಕಾಲವದು. ಹಾಲ್‌ಸ್ಟೆಡರು ಅದಕ್ಕೆ ವಿರುದ್ಧವಾಗಿ ನಿಧಾನವಾಗಿ, ಒಂದೊಂದು ರಕ್ತನಾಳವನ್ನೂ ಕಟ್ಟುತ್ತ, ಮಾಂಸಖಂಡವನ್ನು ನೋಯಿಸದೆ ಕೆಲಸ ಮಾಡುತ್ತಿದ್ದರು. ಮಿದುಳಿನಂತಹ ಮೃದುವಾದ ಅಂಗಕ್ಕೆ ಈ ವಿಧಾನವೇ ತಕ್ಕುದೆಂದು ಶಿಷ್ಯರು ಮನಗಂಡರು. ಅದೇ ಆಸ್ಪತ್ರೆಯಲ್ಲಿದ್ದ ಮಹಾವೈದ್ಯ ವಿಲಿಯಂ ಆಸ್ಲರ್ ಅವರಿಗೆ ನೆರೆಮನೆಯವರೂ ಹಿರಿಯಣ್ಣನಂತಹ ಹಿತೈಷಿಗಳೂ ಆದರು. ಪುಸ್ತಕಗಳ ಮೇಲಣ ಪ್ರೀತಿಯೂ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಆಸಕ್ತಿಯೂ ಕುಶಿಂಗರಿಗೆ ಆಸ್ಲರರ ಸಹವಾಸದಿಂದ ಬೆಳೆದವು.

೧೯೦೦ರಲ್ಲಿ ಯುರೋಪಿನ ಪ್ರವಾಸ ಕೈಗೊಂಡು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಥಿಯೋಡರ್ ಕೋಚರ್, ಕ್ರೋನೆಕರ್ ಎಂಬ ವಿದ್ವಾಂಸರ ಬಳಿ ಸಂಶೋಧನೆ ನಡೆಸಿದರು. ಬುರುಡೆಯೊಳಗಿನ ಒತ್ತಡ ಏರಿದಂತೆ ಮಿದುಳಿಗೆ ರಕ್ತ ತಲುಪಿಸುವ ಸಲುವಾಗಿ ಶರೀರವು ರಕ್ತದೊತ್ತಡವನ್ನು ತಾನಾಗಿಯೇ ಏರಿಸಿಕೊಳ್ಳುತ್ತದೆಂಬುದನ್ನು ಪ್ರಯೋಗಗಳಿಂದ ತೋರಿಸಿದರು. ವೈದ್ಯವಿದ್ಯಾರ್ಥಿಗಳು ಇಂದಿಗೂ ಇದನ್ನು ಕುಶಿಂಗರ ಹೆಸರಿನಿಂದಲೇ ಓದುತ್ತಾರೆ. ೧೯೦೨ರಲ್ಲಿ ಕ್ಯಾಥರೀನ್ ಕ್ರೋವೆಲ್ ಅವರನ್ನು ವಿವಾಹವಾದರು, ಐವರು ಮಕ್ಕಳಾದರು.

ನಾಸಿಕದ ಮಾರ್ಗ

ಪಿಟ್ಯೂಟರಿ ಗ್ರಂಥಿಯ ಗಡ್ಡೆಗಳು ಕುಶಿಂಗರ ವಿಶೇಷ ಅಧ್ಯಯನದ ವಿಷಯವಾದವು. ಈ ಗ್ರಂಥಿ ಮಿತಿಮೀರಿ ಸ್ರವಿಸಿದರೆ ಕೈಕಾಲುಗಳೂ ದವಡೆಯೂ ವಿಕಾರವಾಗಿ ಬೆಳೆಯುತ್ತವೆ. ಗಡ್ಡೆ ಮೇಲಕ್ಕೆ ಬೆಳೆದರೆ ನೋಟದ ನರಗಳನ್ನು ಒತ್ತಿ ಕುರುಡುತನ ತರುತ್ತದೆ. ಮಿದುಳಿನ ಕೆಳಗೆ, ಬುರುಡೆಯ ನಟ್ಟನಡುವೆ ಅಡಗಿರುವ ಆ ಕುಳಿಯನ್ನು ತಲುಪುವುದೆಂತು? ಮೂಗಿನ ಹಿಂದಿರುವ ಎಲುಬಿನ ಪೊಳ್ಳಿನ ಮೂಲಕ ಹೋಗಬಹುದೆಂದು ಆಸ್ಟ್ರಿಯಾದ ಷ್ಲೋಫರ್ ಎಂಬವರು ೧೯೦೭ರಲ್ಲಿ ಮಾಡಿ ತೋರಿಸಿದರು. ಆದರೆ ಅವರ ವಿಧಾನದಲ್ಲಿ ಮೂಗನ್ನೇ ಬಿಡಿಸಿ ಪಕ್ಕಕ್ಕೆ ತಿರುಗಿಸಬೇಕಾಗಿದ್ದು, ಮುಖದ ಮೇಲೆ ಗಾಯ ಉಳಿಯುತ್ತಿತ್ತು.

ಕುಶಿಂಗರು ೧೯೦೯ರ ಮಾರ್ಚ್ ತಿಂಗಳಿನಲ್ಲಿ ಕೈಕಾಲು ಬೆಳೆದಿದ್ದ ರೈತನೊಬ್ಬನಿಗೆ ಮೂಗಿನ ಹಾದಿಯಿಂದ ಶಸ್ತ್ರಚಿಕಿತ್ಸೆ ಮಾಡಿ, ಗ್ರಂಥಿಯ ಒಂದು ಭಾಗವನ್ನು ತೆಗೆದರು, ರೋಗಿ ಚೇತರಿಸಿಕೊಂಡನು. ಮರುವರ್ಷ ಇನ್ನೂ ಸುಗಮವಾದ ಮಾರ್ಗ ಹೊಳೆಯಿತು. ಮೇಲ್ದುಟಿಯನ್ನು ಎತ್ತಿ, ಅದರ ಒಳಮಗ್ಗುಲಿನಲ್ಲಿ ಸಣ್ಣ ಗೆರೆ ಕೊಯ್ದು, ಮೂಗಿನ ನಡುಗೋಡೆಯ ಪಕ್ಕದಿಂದ ಹಿಂದಕ್ಕೆ ಸಾಗಿ, ಎಲುಬಿನ ಪೊಳ್ಳನ್ನು ಹಾಯ್ದು ಗ್ರಂಥಿಯನ್ನು ಮುಟ್ಟುವ ವಿಧಾನವದು. ಹೊರಗೆ ಮುಖದಲ್ಲಿ ಒಂದು ಗುರುತೂ ಉಳಿಯದು. ಮಿದುಳನ್ನು ಮುಟ್ಟುವ ಅಗತ್ಯವೂ ಇಲ್ಲ. ೧೯೧೦ರಿಂದ ೧೯೨೫ರವರೆಗೆ ಹೀಗೆ ೨೩೧ ಶಸ್ತ್ರಚಿಕಿತ್ಸೆಗಳನ್ನು ನಡೆಸಿದರು. ಮರಣಪ್ರಮಾಣ ನೂರಕ್ಕೆ ೫.೬ ಮಾತ್ರ. ಸೋಂಕನ್ನು ತಡೆಯುವ ಪೆನಿಸಿಲಿನ್ ಔಷಧಿ ಇನ್ನೂ ಬಂದಿರಲಿಲ್ಲ. ಬುರುಡೆಯೊಳಗನ್ನು ತೋರಿಸುವ ಸ್ಕ್ಯಾನ್ ಯಂತ್ರಗಳಿರಲಿಲ್ಲ. ಇದ್ದುದು ಎಕ್ಸ್‌ರೇ ಚಿತ್ರ, ಹಣೆಗೆ ಕಟ್ಟಿದ ದೀಪ, ರೋಗಿಯ ದೃಷ್ಟಿ ಎಷ್ಟು ಅಗಲಕ್ಕೆ ಉಳಿದಿದೆಯೆಂದು ಗುರುತಿಸಿದ ನಕ್ಷೆ. ಇಷ್ಟೇ ಸಾಮಗ್ರಿಯಿಂದ ಅಂತಹ ಫಲ ದೊರಕಿತೆಂಬುದನ್ನು ನೆನೆದರೆ ವಿಸ್ಮಯವಾಗುತ್ತದೆ.

ಮುಂದೆ ಅವರೇ ಈ ಮಾರ್ಗವನ್ನು ಕೈಬಿಟ್ಟರು ಎಂಬುದು ಗಮನಾರ್ಹ. ಮೇಲಕ್ಕೆ ಬೆಳೆದ ಗಡ್ಡೆಗಳಲ್ಲಿ ನೋಟದ ನರಗಳನ್ನು ಬಿಡಿಸಲು ಬುರುಡೆಯನ್ನು ಮೇಲಿನಿಂದ ತೆರೆಯುವುದೇ ಹೆಚ್ಚು ಫಲಕಾರಿಯೆಂದು ತಮ್ಮ ದಾಖಲೆಗಳೇ ಹೇಳಿದಾಗ, ತಾವೇ ಕಟ್ಟಿದ ವಿಧಾನವನ್ನು ಬದಿಗಿಡಲು ಅವರು ಹಿಂಜರಿಯಲಿಲ್ಲ.

ಎಲ್ಲಿ ನಿಲ್ಲಬೇಕೆಂಬ ವಿವೇಕ

೧೯೧೨ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕರೆಗೆ ಓಗೊಟ್ಟು ಕುಶಿಂಗರು ಬಾಸ್ಟನ್ ನಗರಕ್ಕೆ ಬಂದು, ಹೊಸದಾಗಿ ನಿರ್ಮಾಣವಾದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರಾದರು. ೧೯೩೨ರವರೆಗೆ ಅದೇ ಅವರ ಕರ್ಮಭೂಮಿ. ಅಲ್ಲಿ ಅವರು ಎದುರಿಸಿದ ಅತಿ ಕಠಿಣವಾದ ವ್ಯಾಧಿ ಶ್ರವಣನರದ ಗಡ್ಡೆ. ಅದು ಬುರುಡೆಯ ತಳದಲ್ಲಿ, ಉಸಿರಾಟ ಮತ್ತು ಹೃದಯದ ಗತಿಯನ್ನು ಆಳುವ ಮಿದುಳಕಾಂಡಕ್ಕೆ ಅಂಟಿಕೊಂಡಂತೆ ಬೆಳೆಯುತ್ತದೆ. ಆ ಗಡ್ಡೆಯನ್ನು ಬೆರಳು ಹಾಕಿ ಒಮ್ಮೆಗೇ ಕಿತ್ತುಹಾಕುವುದು ಅಂದಿನ ವಾಡಿಕೆ. ಯುರೋಪಿನ ಪ್ರಸಿದ್ಧ ಶಸ್ತ್ರವೈದ್ಯರ ಕೈಯಲ್ಲಿಯೂ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ರೋಗಿಗಳು ಸಾಯುತ್ತಿದ್ದರು.

ನಮ್ಮ ಕಾಫಿತೋಟಗಳಲ್ಲಿ ಮರಗಸಿ ಮಾಡುವ ನುರಿತ ಆಳನ್ನು ನೀವೆಲ್ಲ ಕಂಡಿದ್ದೀರಿ. ನೆರಳಿನ ಮರದ ದೊಡ್ಡ ಕೊಂಬೆಯನ್ನು ಬುಡದಲ್ಲಿಯೇ ಕಡಿದು ಕೆಡವಿದರೆ ಕೆಳಗಿನ ಕಾಫಿ ಗಿಡಗಳು ನುಚ್ಚುನೂರಾಗುತ್ತವೆ. ಅವನು ಸಣ್ಣ ರೆಂಬೆಗಳನ್ನು ಮೊದಲು ಕಳೆದು, ಕೊಂಬೆಯ ಭಾರವನ್ನು ಇಳಿಸಿ, ಅನಂತರವೇ ಉಳಿದುದಕ್ಕೆ ಕತ್ತಿ ಹಾಕುತ್ತಾನೆ. ಕುಶಿಂಗರ ವಿಧಾನ ಇದನ್ನು ಹೋಲುತ್ತಿತ್ತು. ಗಡ್ಡೆಯ ಹೊರಪೊರೆಯನ್ನು ಮುಟ್ಟದೆ, ಒಳಗಿನ ತಿರುಳನ್ನು ಚೂರುಚೂರಾಗಿ ಕೆರೆದು ತೆಗೆಯುತ್ತಿದ್ದರು. ಒತ್ತಡ ತಗ್ಗುತ್ತಿತ್ತು, ಮಿದುಳಕಾಂಡಕ್ಕೆ ಪೆಟ್ಟು ಬೀಳುತ್ತಿರಲಿಲ್ಲ. ೧೯೧೭ರಲ್ಲಿ ಈ ಗಡ್ಡೆಗಳ ಬಗೆಗೆ ಅವರು ಪ್ರಕಟಿಸಿದ ಗ್ರಂಥದ ಕಾಲಕ್ಕೆ ಮರಣಪ್ರಮಾಣ ನೂರಕ್ಕೆ ಸುಮಾರು ಇಪ್ಪತ್ತಕ್ಕೆ ಇಳಿದಿತ್ತು. ಅವರ ವೃತ್ತಿಜೀವನದ ಕೊನೆಯ ವೇಳೆಗೆ ನಾಲ್ಕರ ಸಮೀಪಕ್ಕೆ ಬಂದಿತು.

ಆದರೆ ಪೊರೆಯನ್ನು ಉಳಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಇಂದು ಬದುಕಿಸಿದ ರೋಗಿ ಕೆಲವು ವರ್ಷಗಳಲ್ಲಿ ಮರಳಿ ಬರಬೇಕಾಗುತ್ತದೆ. ಪೂರ್ತಿ ತೆಗೆಯಲು ಹೋದರೆ ಈಗಲೇ ಸಾವು; ಉಳಿಸಿದರೆ ಮುಂದೆ ಸಾವು. ಈ ಧರ್ಮಸಂಕಟದಲ್ಲಿ ಕುಶಿಂಗರು ಇಂದಿನ ಜೀವವನ್ನು ಆರಿಸಿಕೊಂಡರು. ಹಾಪ್‌ಕಿನ್ಸ್‌ನಲ್ಲಿ ಒಂದು ಕಾಲಕ್ಕೆ ಅವರ ಕೈಕೆಳಗೆ ದುಡಿದಿದ್ದ ವಾಲ್ಟರ್ ಡ್ಯಾಂಡಿ ಎಂಬ ಪ್ರತಿಭಾವಂತರು ಇದನ್ನು ಒಪ್ಪಲಿಲ್ಲ. ತಿರುಳನ್ನು ತೆಗೆದ ಮೇಲೆ ಪೊರೆಯನ್ನೂ ಮೆಲ್ಲಗೆ ಬಿಡಿಸಿ ಪೂರ್ಣವಾಗಿ ತೆಗೆಯಬಹುದೆಂದು ೧೯೨೨ರಲ್ಲಿ ಪ್ರಕಟಿಸಿದರು. ಹಿರಿಯರ ಋಣವನ್ನು ಆ ಬರಹ ಸ್ಮರಿಸಲಿಲ್ಲವೆಂದು ಕುಶಿಂಗರು ಕೆರಳಿದರು. ಇಬ್ಬರ ನಡುವೆ ಮೊದಲೇ ಇದ್ದ ವೈಮನಸ್ಯ ಮತ್ತಷ್ಟು ಬಲಿಯಿತು. ಕಾಲವು ಡ್ಯಾಂಡಿಯವರ ಮಾರ್ಗವನ್ನು ಎತ್ತಿಹಿಡಿಯಿತೆಂಬುದನ್ನು ಸತ್ಯಕ್ಕಾಗಿ ಹೇಳಲೇಬೇಕು. ಆದರೂ ರೋಗಿ ಮೇಜಿನ ಮೇಲೆ ಸಾಯದಂತೆ ನೋಡಿಕೊಳ್ಳುವ ಮೊದಲ ಮೆಟ್ಟಿಲನ್ನು ಕುಶಿಂಗರು ಕಟ್ಟಿರದಿದ್ದರೆ ಎರಡನೆಯ ಮೆಟ್ಟಿಲಿಗೆ ಆಧಾರವಿರುತ್ತಿರಲಿಲ್ಲ.

ರಕ್ತಸ್ರಾವವೇ ಮಿದುಳಿನ ಶಸ್ತ್ರಚಿಕಿತ್ಸೆಯ ಪರಮಶತ್ರು. ಅದನ್ನು ನಿಗ್ರಹಿಸಲು ೧೯೧೧ರಲ್ಲಿ ಬೆಳ್ಳಿಯ ಪುಟ್ಟ ಕ್ಲಿಪ್ಪುಗಳನ್ನು ಬಳಕೆಗೆ ತಂದರು. ೧೯೨೬ರ ಅಕ್ಟೋಬರ್ ತಿಂಗಳಲ್ಲಿ ಬೋವಿ ಎಂಬ ವಿಜ್ಞಾನಿಯ ನೆರವಿನಿಂದ ವಿದ್ಯುತ್ತಿನ ಶಸ್ತ್ರದಿಂದ ರಕ್ತನಾಳಗಳನ್ನು ಬೇಯಿಸಿ ಮುಚ್ಚುವ ಕ್ರಮವನ್ನು ಆರಂಭಿಸಿದರು. ಹಿಂದೆ ರಕ್ತಕ್ಕೆ ಹೆದರಿ ಅರ್ಧಕ್ಕೆ ಬಿಟ್ಟಿದ್ದ ರೋಗಿಗಳನ್ನು ಮತ್ತೆ ಕರೆಸಿ ಚಿಕಿತ್ಸೆ ಮಾಡಿದರು. ಮಿದುಳಿನ ಪೊರೆಯಿಂದ ಹುಟ್ಟುವ ಗಡ್ಡೆಗಳಿಗೆ ಮೆನಿಂಜಿಯೋಮ ಎಂಬ ಹೆಸರನ್ನು ೧೯೨೨ರಲ್ಲಿ ಕೊಟ್ಟವರೂ ಅವರೇ.

ದಾಖಲೆಯ ವ್ರತ

ಪ್ರತಿ ಶಸ್ತ್ರಚಿಕಿತ್ಸೆಯಾದ ಮೇಲೆಯೂ ಕುಶಿಂಗರು ಕುಳಿತು, ಕಂಡುದನ್ನು ತಮ್ಮ ಕೈಯಿಂದಲೇ ಚಿತ್ರಿಸಿ ವಿವರಣೆ ಬರೆಯುತ್ತಿದ್ದರು. ತೆಗೆದ ಗಡ್ಡೆಯ ತುಣುಕನ್ನು ಗಾಜಿನ ಪಾತ್ರೆಯಲ್ಲಿ ಕಾಪಿಡುತ್ತಿದ್ದರು. ರೋಗಿ ಮನೆಗೆ ಹೋದ ಮೇಲೂ ವರ್ಷವರ್ಷವೂ ಪತ್ರಮುಖೇನ ಕ್ಷೇಮ ವಿಚಾರಿಸುತ್ತಿದ್ದರು. ಈ ಕಾರ್ಯದಲ್ಲಿ ಅವರ ಬಲಗೈಯಾದವರು ಲೂಯಿಸ್ ಐಸೆನ್‌ಹಾರ್ಟ್ ಎಂಬ ಮಹಿಳೆ. ಮೊದಲು ಬರಹಗಳಿಗೆ ಸಹಾಯಕಿಯಾಗಿ ಬಂದ ಆಕೆ, ಅಲ್ಲಿನ ಕೆಲಸವನ್ನು ನೋಡಿ ತಾನೇ ವೈದ್ಯಶಾಸ್ತ್ರವನ್ನು ಓದಿ, ಮರಳಿ ಬಂದು ಗಡ್ಡೆಗಳ ಪರೀಕ್ಷೆಯಲ್ಲಿ ತಜ್ಞೆಯೆನಿಸಿದರು. ೧೯೩೮ರಲ್ಲಿ ಮೆನಿಂಜಿಯೋಮ ಕುರಿತು ಹೊರಬಂದ ಮಹಾಗ್ರಂಥದಲ್ಲಿ ಇಬ್ಬರ ಹೆಸರೂ ಇದೆ.

ಆ ದಾಖಲೆಯಲ್ಲಿ ಗೆಲುವಿನಂತೆಯೇ ಸೋಲೂ ಇತ್ತು. ಅಮೆರಿಕದ ಸೇನಾನಿ ಲಿಯೊನಾರ್ಡ್ ವುಡ್ ಎಂಬವರ ನೆತ್ತಿಯ ಭಾಗದ ಗಡ್ಡೆಯನ್ನು ೧೯೧೦ರಲ್ಲಿ ತೆಗೆದು ಕುಶಿಂಗರು ಕೀರ್ತಿವಂತರಾದರು. ವುಡ್ ಅವರು ಹದಿನೇಳು ವರ್ಷಗಳ ಕಾಲ ಉನ್ನತ ಪದವಿಗಳಲ್ಲಿ ದುಡಿದರು. ಗಡ್ಡೆ ಮರುಕಳಿಸಿದಾಗ ೧೯೨೭ರ ಆಗಸ್ಟ್ ತಿಂಗಳಲ್ಲಿ ಕುಶಿಂಗರೇ ಮತ್ತೆ ಶಸ್ತ್ರ ಹಿಡಿದರು. ಕೆಲವು ಗಂಟೆಗಳಲ್ಲಿ ರೋಗಿ ತೀರಿಕೊಂಡರು. ಎರಡು ಕಂತುಗಳಲ್ಲಿ ಮಾಡಬೇಕಾಗಿದ್ದ ಕೆಲಸವನ್ನು ಒಂದೇ ದಿನ ಮುಂದುವರಿಸಿದೆನೆಂಬ ಪರಿತಾಪ ಅವರನ್ನು ಬಿಡಲಿಲ್ಲ. ಆ ಪ್ರಕರಣವನ್ನೂ ಮರೆಮಾಚದೆ ತಮ್ಮ ಗ್ರಂಥದಲ್ಲಿ ಸೇರಿಸಿದರು. ಮುಂದಿನವರು ಅದೇ ಹಳ್ಳದಲ್ಲಿ ಬೀಳದಿರಲೆಂಬುದೇ ಅದರ ಪ್ರಯೋಜನ.

ಯುದ್ಧ, ಶೋಕ, ಸ್ವಭಾವ

ಪ್ರಥಮ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನ ರಣರಂಗದ ಹಿಂದಿನ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದರು. ತಲೆಗೆ ಗುಂಡು ಹೊಕ್ಕ ಯೋಧರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಯುತ್ತಿದ್ದುದನ್ನು ೧೯೧೭ರ ಕೆಲವೇ ತಿಂಗಳುಗಳಲ್ಲಿ ನೂರಕ್ಕೆ ಮೂವತ್ತರ ಒಳಗೆ ತಂದರು. ಅದೇ ವರ್ಷ ತಮ್ಮ ಪೂಜ್ಯರಾದ ಆಸ್ಲರರ ಒಬ್ಬನೇ ಮಗ ಗಾಯಗೊಂಡು ಕಣ್ಮುಚ್ಚಿದಾಗ ಕುಶಿಂಗರು ಆ ತರುಣನ ಹಾಸಿಗೆಯ ಬಳಿಯಲ್ಲಿದ್ದರು. ಗುರುವಿನ ಕುಡಿ ಕಣ್ಣೆದುರೇ ಕಮರುವುದನ್ನು ಕಾಣಬೇಕಾಯಿತು. ಆಸ್ಲರರು ೧೯೧೯ರಲ್ಲಿ ತೀರಿಕೊಂಡ ಮೇಲೆ ಅವರ ಜೀವನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದು ೧೯೨೫ರಲ್ಲಿ ಪ್ರಕಟಿಸಿದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಪಾರಿತೋಷಕ ದೊರೆಯಿತು.

ವಿಧಿಯ ಪೆಟ್ಟು ಅವರ ಮನೆಯನ್ನೂ ಬಿಡಲಿಲ್ಲ. ೧೯೨೬ರ ಜೂನ್ ತಿಂಗಳಲ್ಲಿ ಹಿರಿಯ ಮಗ ವಿಲಿಯಂ ಮೋಟಾರು ಅಪಘಾತದಲ್ಲಿ ಮಡಿದನು. ಸುದ್ದಿ ಬಂದ ಬೆಳಗ್ಗೆ ರೋಗಿಯೊಬ್ಬರ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. ಪತ್ನಿಗೆ ವಿಷಯ ತಿಳಿಸಿ, ಆಸ್ಪತ್ರೆಗೆ ಹೋಗಿ, ಆ ಶಸ್ತ್ರಚಿಕಿತ್ಸೆಯನ್ನು ಮುಗಿಸಿದರು. ಇದನ್ನು ಸ್ಥಿತಪ್ರಜ್ಞತೆಯೆಂದು ಕೊಂಡಾಡುವವರುಂಟು, ಕಾಠಿಣ್ಯವೆನ್ನುವವರೂ ಉಂಟು. ಮನೆಗಿಂತ ಆಸ್ಪತ್ರೆಗೆ ಅವರು ಕೊಟ್ಟ ಕಾಲವೇ ಅಧಿಕ. ಮಕ್ಕಳನ್ನು ಬೆಳೆಸಿದ ಭಾರವೆಲ್ಲ ಕ್ಯಾಥರೀನ್ ಅವರದಾಯಿತು. ಸಹಾಯಕರ ಮೇಲೆ ಅವರು ತೋರುತ್ತಿದ್ದ ಕೋಪ ಪ್ರಸಿದ್ಧವಾಗಿತ್ತು. ಅತಿಯಾದ ಧೂಮಪಾನದಿಂದ ಕಾಲಿನ ರಕ್ತನಾಳಗಳು ಕೆಟ್ಟು ಮುಪ್ಪಿನಲ್ಲಿ ಬಹಳ ಬಳಲಿದರು. ಮಹಾಪುರುಷರ ಗುಣಗಳನ್ನು ಗ್ರಹಿಸುವಾಗ ಅವರ ದೋಷಗಳನ್ನೂ ಅರಿಯುವುದು ವಿವೇಕಿಗಳ ಲಕ್ಷಣ.

೧೯೩೧ರ ಏಪ್ರಿಲ್ ೧೫ರಂದು ಕುಶಿಂಗರು ತಮ್ಮ ಎರಡು ಸಾವಿರದನೆಯ ಮಿದುಳುಗಡ್ಡೆಯ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಿದರು. ಮರುವರ್ಷ ಪಿಟ್ಯೂಟರಿಯ ಸಣ್ಣ ಗಡ್ಡೆಯಿಂದ ಮುಖ ಊದಿ, ಮೈ ಸ್ಥೂಲವಾಗಿ, ಎಲುಬು ಸವೆಯುವ ವ್ಯಾಧಿಯೊಂದನ್ನು ಹನ್ನೆರಡು ರೋಗಿಗಳ ವೃತ್ತಾಂತದೊಡನೆ ವಿವರಿಸಿದರು. ಅದಕ್ಕೆ ಅವರ ಹೆಸರೇ ಉಳಿದಿದೆ. ೧೯೩೩ರಲ್ಲಿ ತಾವು ಓದಿದ ಯೇಲ್‌ಗೆ ಪ್ರಾಧ್ಯಾಪಕರಾಗಿ ಮರಳಿ, ೧೯೩೯ರ ಅಕ್ಟೋಬರ್ ೭ರಂದು ಹೃದಯಾಘಾತದಿಂದ ಕಾಲವಶರಾದರು. ಮರಣಾನಂತರದ ಪರೀಕ್ಷೆಯಲ್ಲಿ ಅವರ ಮಿದುಳಿನಲ್ಲಿಯೇ ಒಂದು ಸಣ್ಣ ಗಂಟು ಕಂಡುಬಂದಿತು! ತಾವು ಕೂಡಿಟ್ಟ ಅಮೂಲ್ಯ ಪ್ರಾಚೀನ ಗ್ರಂಥಗಳನ್ನೆಲ್ಲ ಯೇಲ್‌ಗೆ ಬಿಟ್ಟಿದ್ದರು. ಗಡ್ಡೆಗಳ ಗಾಜಿನ ಪಾತ್ರೆಗಳು ಬಹುಕಾಲ ನೆಲಮಾಳಿಗೆಯೊಂದರಲ್ಲಿ ಧೂಳು ಹಿಡಿದಿದ್ದು, ೨೦೧೦ರಲ್ಲಿ ಅವುಗಳಿಗಾಗಿಯೇ ಒಂದು ಪ್ರದರ್ಶನಾಲಯ ತೆರೆಯಿತು.

ಶಿಷ್ಯಪರಂಪರೆ

ಕುಶಿಂಗರು ಬದಿಗಿಟ್ಟ ನಾಸಿಕಮಾರ್ಗ ನಶಿಸಿಹೋಗಲಿಲ್ಲ. ಅವರ ಬಳಿ ಕಲಿತ ನಾರ್ಮನ್ ಡಾಟ್ ಅದನ್ನು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಒಬ್ಬರೇ ಕಾಪಾಡಿಕೊಂಡು ಬಂದರು. ಡಾಟ್ ಅವರಿಂದ ೧೯೫೬ರಲ್ಲಿ ಪ್ಯಾರಿಸ್ಸಿನ ಗೀಯೋ ಕಲಿತರು. ಗೀಯೋ ಅವರಿಂದ ಕಲಿತ ಕೆನಡಾದ ಜೂಲ್ಸ್ ಹಾರ್ಡಿ ೧೯೬೦ರ ದಶಕದಲ್ಲಿ ಅದಕ್ಕೆ ಸೂಕ್ಷ್ಮದರ್ಶಕವನ್ನು ಜೋಡಿಸಿದರು. ೧೯೯೦ರ ದಶಕದಿಂದೀಚೆಗೆ ಮೂಗಿನ ಹೊಳ್ಳೆಯಿಂದಲೇ ಎಂಡೋಸ್ಕೋಪು ತೂರಿಸಿ ಗಡ್ಡೆಯನ್ನು ತೆಗೆಯುವ ವಿಧಾನ ಬಂದಿದೆ. ಪಿಟ್ಯೂಟರಿಯ ಹೆಚ್ಚಿನ ಗಡ್ಡೆಗಳಿಗೆ ಇಂದು ಮೂಗಿನ ದಾರಿಯೇ ರಾಜಮಾರ್ಗ.

ಈ ಪರಂಪರೆಯ ಇನ್ನೊಂದು ಕವಲು ನಮ್ಮ ನಾಡಿಗೂ ಹರಿದುಬಂದಿದೆ. ಬ್ರಿಗಮ್ ಆಸ್ಪತ್ರೆಯಲ್ಲಿ ಸ್ವಲ್ಪ ಕಾಲ ಕುಶಿಂಗರ ಕೈಕೆಳಗೆ ದುಡಿದ ವೈಲ್ಡರ್ ಪೆನ್‌ಫೀಲ್ಡ್ ಕೆನಡಾದ ಮಾಂಟ್ರಿಯಲ್‌ನಲ್ಲಿ ೧೯೩೪ರಲ್ಲಿ ನರವಿಜ್ಞಾನದ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಕಲಿತ ಡಾ. ಜೇಕಬ್ ಚಾಂಡಿಯವರು ೧೯೪೯ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು. ಬೆಂಗಳೂರಿನಲ್ಲಿ ಈ ವಿಭಾಗವನ್ನು ೧೯೫೮ರಲ್ಲಿ ಡಾ. ಆರ್. ಎಂ. ವರ್ಮಾ ಅವರು ಆರಂಭಿಸಿದರು. ಆ ಸಂಸ್ಥೆಯೇ ೧೯೭೪ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡಿತು. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಮನೆಗಳಿಂದ ತಲೆನೋವು, ದೃಷ್ಟಿಮಾಂದ್ಯಗಳ ಕಾರಣ ಹುಡುಕುತ್ತ ಘಟ್ಟ ಇಳಿದು ಮಣಿಪಾಲ, ಮಂಗಳೂರುಗಳಿಗೋ ಬಯಲು ದಾಟಿ ಬೆಂಗಳೂರಿಗೋ ಹೋಗುವವರಿಗೆ ಇಂದು ದೊರೆಯುವ ಚಿಕಿತ್ಸೆಯ ಹಿಂದೆ ಇಷ್ಟು ದೀರ್ಘವಾದ ಗುರುಶಿಷ್ಯ ಸಂಬಂಧವಿದೆ. ಮಕ್ಕಳ ದೃಷ್ಟಿ ದಿನೇ ದಿನೇ ಕುಗ್ಗುತ್ತಿದ್ದರೆ, ಒಂದೇ ಕಿವಿ ಮಂದವಾಗುತ್ತಿದ್ದರೆ ಅದನ್ನು ಉಪೇಕ್ಷಿಸದೆ ವೈದ್ಯರಿಗೆ ತೋರಿಸುವುದು ಹಿರಿಯರ ಕರ್ತವ್ಯ. ಗಡ್ಡೆ ಸಣ್ಣದಿದ್ದಾಗಲೇ ಕಂಡರೆ ನರಗಳನ್ನು ಉಳಿಸುವುದು ಸುಲಭ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಕೆಲವರು ವೈದ್ಯರಾದೀರಿ, ಕೆಲವರು ಉಪಾಧ್ಯಾಯರಾದೀರಿ, ಹಲವರು ತೋಟ ಗದ್ದೆಗಳನ್ನು ನೋಡಿಕೊಂಡೀರಿ. ಕೈಗೊಂಡ ಕಾಯಕ ಯಾವುದೇ ಆಗಿರಲಿ, ಅದರಲ್ಲಿ ತಪ್ಪಿದ ದಿನವನ್ನು ಕುಶಿಂಗರಂತೆ ನಿಮ್ಮ ಪುಸ್ತಕದಲ್ಲಿ ಬರೆದಿಡಿ, ಮರುದಿನ ಅದನ್ನು ತೆರೆದು ಓದಿ, ಆಮೇಲೆ ಕೆಲಸಕ್ಕೆ ಕೈಯಿಡಿ. ಹಾಗೆ ನಡೆದುಕೊಳ್ಳುವ ಬುದ್ಧಿಯನ್ನು ಈ ಮಹನೀಯರ ಚರಿತ್ರೆ ನಿಮಗೆ ಕರುಣಿಸಲಿ ಎಂದು ಹಾರೈಸುತ್ತೇನೆ.